ಅಮೆರಿಕದ ಮೊದಲ ರಾಜ್ಯವ್ಯವಸ್ಥೆ: ಅದರ ದೌರ್ಬಲ್ಯದ ಮೂಲ

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಈಗಿರುವ ಸಂವಿಧಾನಕ್ಕಿಂತ ಮೊದಲು ಇನ್ನೊಂದು ರಾಜ್ಯವ್ಯವಸ್ಥೆಯಿದ್ದಿತು. ೧೭೮೧ರ ಮಾರ್ಚ್ ೧ರಿಂದ ೧೭೮೯ರವರೆಗೆ ಆ ರಾಷ್ಟ್ರದ ಆಡಳಿತವು 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್' ಎಂಬ ಹದಿಮೂರು ವಿಧಿಗಳ ನಿಬಂಧನಪತ್ರಕ್ಕೆ ಅನುಸಾರವಾಗಿ ನಡೆಯಿತು. ನಮ್ಮ ಕಾಲೇಜುಗಳಲ್ಲಿ ಇದರ ಪಾಠವು ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ ಮುಗಿದುಹೋಗುತ್ತದೆ: ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ವಾಣಿಜ್ಯದ ಮೇಲೆ ಹತೋಟಿಯಿರಲಿಲ್ಲ, ಕಾರ್ಯಾಂಗವಿರಲಿಲ್ಲ, ನ್ಯಾಯಾಂಗವಿರಲಿಲ್ಲ, ತಿದ್ದುಪಡಿಗೆ ಸರ್ವಾನುಮತ ಬೇಕಾಗಿದ್ದಿತು. ವಿದ್ಯಾರ್ಥಿಗಳು ಈ ಐದನ್ನೂ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ನಾವೂ ಅಂಕಗಳನ್ನು ಕೊಟ್ಟು ಸುಮ್ಮನಾಗುತ್ತೇವೆ. ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಐದೂ ಒಂದೇ ತೂಕದವೇ, ಒಂದೇ ಬೇರಿನಿಂದ ಒಡೆದವೇ, ಇವುಗಳಿಂದ ನೊಂದವರು ಯಾರು ಎಂಬ ವಿಚಾರಕ್ಕೆ ಅದರಲ್ಲಿ ಎಡೆಯಿಲ್ಲ.

ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳಬೇಕು. ಕಾನ್ಫೆಡರೇಷನ್, ಫೆಡರೇಷನ್ ಎರಡನ್ನೂ ಕನ್ನಡದಲ್ಲಿ ಒಕ್ಕೂಟವೆಂದೇ ಬರೆಯುವವರುಂಟು. ಹೀಗೆ ಬರೆದಾಗ ೧೭೮೧ರ ವ್ಯವಸ್ಥೆಯು ೧೭೮೯ರ ವ್ಯವಸ್ಥೆಯ ಬಡಕಲು ರೂಪವೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ಅವು ಬೇರೆ ಬೇರೆ ಜಾತಿಯವು. ನಿಬಂಧನಪತ್ರದ ಎರಡನೆಯ ವಿಧಿಯು ಪ್ರತಿಯೊಂದು ಸಂಸ್ಥಾನದ ಸಾರ್ವಭೌಮತ್ವವನ್ನೂ ಉಳಿಸಿತು; ಮೂರನೆಯ ವಿಧಿಯು ಆ ಕೂಟವನ್ನು ಸ್ನೇಹಬಂಧವೆಂದೇ ಬಣ್ಣಿಸಿತು. ಆದುದರಿಂದ ನಾವು ಇದನ್ನು ಇಲ್ಲಿ ಮೈತ್ರಿಕೂಟವೆಂದು ಕರೆಯುತ್ತೇವೆ.

ಈ ಕೂಟವು ದುರ್ಬಲವಾದುದು ರಚಿಸಿದವರ ಅಜ್ಞಾನದಿಂದಲ್ಲ. ೧೭೭೬ರ ಜುಲೈ ತಿಂಗಳಲ್ಲಿ ಜಾನ್ ಡಿಕಿನ್ಸನ್ ಸಿದ್ಧಪಡಿಸಿದ ಕರಡು ಕೇಂದ್ರಕ್ಕೆ ಹೆಚ್ಚಿನ ಅಧಿಕಾರವನ್ನೇ ಕೊಟ್ಟಿದ್ದಿತು. ಕಾಂಗ್ರೆಸ್ಸು ಹದಿನಾರು ತಿಂಗಳ ಕಾಲ ಅದನ್ನು ಚರ್ಚಿಸಿ, ಅಧಿಕಾರಗಳನ್ನು ಮೊಟಕುಮಾಡಿ, ೧೭೭೭ರ ನವೆಂಬರ್ ೧೫ರಂದು ಅಂಗೀಕರಿಸಿತು. ದೂರದ ಪಾರ್ಲಿಮೆಂಟು ವಿಧಿಸಿದ ತೆರಿಗೆಯನ್ನು ವಿರೋಧಿಸಿ ಯುದ್ಧ ಹೂಡಿದ್ದ ಜನರು ಅದೇ ಅಧಿಕಾರವನ್ನು ದೂರದ ಇನ್ನೊಂದು ಸಭೆಯ ಕೈಗೆ ಒಪ್ಪಿಸುವುದು ಹೇಗೆ? ಅವರ ಭಯ ಸಕಾರಣವಾದುದೇ. ಪಶ್ಚಿಮದ ಭೂಮಿಯ ಮೇಲಣ ಹಕ್ಕನ್ನು ವರ್ಜೀನಿಯ ಬಿಟ್ಟುಕೊಡಲು ಒಪ್ಪುವವರೆಗೆ ಮೇರಿಲೆಂಡ್ ಸಹಿ ಹಾಕಲಿಲ್ಲ. ನಿಬಂಧನಪತ್ರ ಜಾರಿಗೆ ಬರಲು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ದೌರ್ಬಲ್ಯದ ಸ್ವರೂಪ ಸ್ಪಷ್ಟವಾಗಿ ಕಾಣುವುದು ಹಣಕಾಸಿನಲ್ಲಿ. ಕಾಂಗ್ರೆಸ್ಸು ತನ್ನ ವೆಚ್ಚವನ್ನು ಸಂಸ್ಥಾನಗಳ ನಡುವೆ ಹಂಚಿ, ಇಷ್ಟಿಷ್ಟು ಸಲ್ಲಿಸಬೇಕೆಂದು ಕೋರಬಹುದಾಗಿದ್ದಿತು, ವಸೂಲು ಮಾಡುವಂತಿರಲಿಲ್ಲ. ೧೭೮೨ನೆಯ ವರ್ಷಕ್ಕೆ ಅದು ಕೇಳಿದ್ದು ೮೦ ಲಕ್ಷ ಡಾಲರು. ೧೭೮೩ರ ಆರಂಭದ ಹೊತ್ತಿಗೆ ಕೈಸೇರಿದ್ದು ೫ ಲಕ್ಷಕ್ಕೂ ಕಡಮೆ. ಆಮದು ಸರಕಿನ ಮೇಲೆ ಶೇಕಡ ೫ರ ಸುಂಕಕ್ಕೆ ಅನುಮತಿ ಕೊಡಿರೆಂದು ೧೭೮೧ರಲ್ಲಿ ಕಾಂಗ್ರೆಸ್ಸು ಬೇಡಿಕೊಂಡಿತು. ೧೭೮೨ರ ನವೆಂಬರಿನಲ್ಲಿ ಅತಿ ಚಿಕ್ಕ ಸಂಸ್ಥಾನವಾದ ರೋಡ್ ಐಲೆಂಡ್ ಒಲ್ಲೆನೆಂದಿತು. ಅದನ್ನು ಕಂಡು ವರ್ಜೀನಿಯ ತಾನು ಕೊಟ್ಟಿದ್ದ ಒಪ್ಪಿಗೆಯನ್ನೂ ಹಿಂತೆಗೆದುಕೊಂಡಿತು. ೧೭೮೩ರಲ್ಲಿ ಇದೇ ಯೋಜನೆ ಬೇರೆ ರೂಪದಲ್ಲಿ ಬಂದಾಗ ೧೭೮೬ರಲ್ಲಿ ಅದಕ್ಕೆ ಅಡ್ಡ ಬಂದುದು ನ್ಯೂಯಾರ್ಕ್. ತನ್ನ ಬಂದರಿಗೆ ಬರುವ ಸರಕಿನ ಸುಂಕದಿಂದ ಅದರ ಖಜಾನೆ ತುಂಬುತ್ತಿದ್ದಿತು. ಆ ಸರಕನ್ನು ಕೊಂಡು ಸುಂಕದ ಹೊರೆ ಹೊರುತ್ತಿದ್ದವರಲ್ಲಿ ನೆರೆಯ ನ್ಯೂಜರ್ಸಿಯ ಜನರೂ ಇದ್ದರು. ನ್ಯೂಯಾರ್ಕ್ ಒಪ್ಪುವತನಕ ತಾನೂ ಒಂದು ಕಾಸನ್ನೂ ಸಲ್ಲಿಸುವುದಿಲ್ಲವೆಂದು ನ್ಯೂಜರ್ಸಿ ನಿರ್ಧರಿಸಿತು. ಅನ್ಯಾಯಕ್ಕೊಳಗಾದವನು ನ್ಯಾಯ ಪಡೆಯಲು ಕಟ್ಟಳೆಯನ್ನೇ ಮುರಿಯಬೇಕಾದ ವ್ಯವಸ್ಥೆಯಿದು. ಯುದ್ಧ ಮಾಡಿದ ಸೈನಿಕರ ಪಾಡಂತೂ ಶೋಚನೀಯ. ಸಂಬಳಕ್ಕೆ ಬದಲಾಗಿ ಬಂದ ಸಾಲಪತ್ರಗಳನ್ನು ಅವರಲ್ಲಿ ಅನೇಕರು ಮುಖಬೆಲೆಯ ಅಲ್ಪಾಂಶಕ್ಕೆ ವ್ಯಾಪಾರಿಗಳಿಗೆ ಮಾರಿಕೊಂಡರು. ೧೭೮೩ರ ಜೂನಿನಲ್ಲಿ ಪೆನ್ಸಿಲ್ವೇನಿಯದ ಸಿಪಾಯಿಗಳು ಬಾಕಿ ಸಂಬಳಕ್ಕಾಗಿ ಫಿಲಡೆಲ್ಫಿಯದಲ್ಲಿ ಸಭಾಭವನವನ್ನು ಮುತ್ತಿದಾಗ, ಕಾಂಗ್ರೆಸ್ಸು ಊರನ್ನೇ ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಯಿತು.

ಇದರ ಮೂಲವನ್ನು ಚೆನ್ನಾಗಿ ಗುರುತಿಸಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಫೆಡರಲಿಸ್ಟ್ ಲೇಖನಮಾಲೆಯ ೧೫ನೆಯ ಲೇಖನದಲ್ಲಿ ಅವನ ವಾದದ ತಿರುಳು ಇಷ್ಟು: ಮೈತ್ರಿಕೂಟದ ಶಾಸನವು ವ್ಯಕ್ತಿಗಳನ್ನು ಮುಟ್ಟುವುದಿಲ್ಲ, ಸಂಸ್ಥಾನಗಳನ್ನು ಮಾತ್ರ ಉದ್ದೇಶಿಸುತ್ತದೆ. ವ್ಯಕ್ತಿಯೊಬ್ಬನು ತೆರಿಗೆ ಕೊಡದಿದ್ದರೆ ನ್ಯಾಯಾಲಯವಿದೆ, ಜಪ್ತಿಯಿದೆ. ಸಂಸ್ಥಾನವೇ ಕೊಡದಿದ್ದರೆ? ಸೇನೆಯನ್ನು ಕಳುಹಿಸಬೇಕು, ಇಲ್ಲವೆ ಸುಮ್ಮನಿರಬೇಕು. ಈ ದೃಷ್ಟಿಯಿಂದ ನೋಡಿದರೆ ಪಠ್ಯಪುಸ್ತಕದ ಪಟ್ಟಿ ತಾನಾಗಿಯೇ ಕುಗ್ಗುತ್ತದೆ. ಪ್ರಜೆಗಳನ್ನು ನೇರವಾಗಿ ಆಳದ ಸಭೆಗೆ ಅವರನ್ನು ವಿಚಾರಿಸುವ ನ್ಯಾಯಾಲಯವಾಗಲಿ, ಆಜ್ಞೆಯನ್ನು ನಡೆಸುವ ಕಾರ್ಯಾಂಗವಾಗಲಿ ಏತಕ್ಕೆ? ಅವುಗಳ ಅಭಾವವು ಮೂಲದೋಷದ ಫಲವೇ ಹೊರತು ಬೇರೆ ದೋಷವಲ್ಲ.

ವಿದೇಶ ವ್ಯವಹಾರದಲ್ಲಿಯೂ ಇದೇ ಕಥೆ. ೧೭೮೩ರ ಸೆಪ್ಟೆಂಬರ್ ೩ರ ಪ್ಯಾರಿಸ್ ಕೌಲನ್ನು ದೃಢೀಕರಿಸಲು ಒಂಬತ್ತು ಸಂಸ್ಥಾನಗಳ ಪ್ರತಿನಿಧಿಗಳು ಬೇಕಾಗಿತ್ತು. ಅಷ್ಟು ಮಂದಿ ಅನ್ನಾಪೊಲಿಸಿನಲ್ಲಿ ಕೂಡಿಬಂದುದು ೧೭೮೪ರ ಜನವರಿ ೧೪ರಂದು. ಬ್ರಿಟಿಷ್ ಸಾಲಗಾರರಿಗೆ ಹಣ ತೀರಿಸಲು ಅಡ್ಡಿ ಮಾಡಬಾರದೆಂಬ ಷರತ್ತನ್ನು ಸಂಸ್ಥಾನಗಳು ಉಲ್ಲಂಘಿಸಿದುವು. ಅದನ್ನೇ ನೆಪಮಾಡಿಕೊಂಡು ಬ್ರಿಟನ್ನು ಡೆಟ್ರಾಯಿಟ್, ನಯಾಗರ ಮೊದಲಾದ ಕೋಟೆಗಳನ್ನು ೧೭೯೬ರವರೆಗೂ ಬಿಡಲಿಲ್ಲ.

ಹಾಗೆಂದು ಈ ಕಾಲವೆಲ್ಲವೂ ಅರಾಜಕತೆಯೆಂಬ ಜಾನ್ ಫಿಸ್ಕ್‌ನ ಚಿತ್ರವನ್ನು ಒಪ್ಪಲಾಗದು. ಅವನ ೧೮೮೮ರ ಗ್ರಂಥದ ಛಾಯೆ ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ಮೆರಿಲ್ ಜೆನ್ಸನ್ ೧೯೫೦ರಲ್ಲಿ ಅದನ್ನು ಪ್ರಶ್ನಿಸಿ, ಯುದ್ಧಾನಂತರ ವ್ಯಾಪಾರ ಚೇತರಿಸಿಕೊಂಡುದನ್ನು ತೋರಿಸಿದನು. ಇದೇ ದುರ್ಬಲ ಕಾಂಗ್ರೆಸ್ಸು ೧೭೮೫ರಲ್ಲಿ ಪಶ್ಚಿಮದ ಭೂಮಿಯನ್ನು ಅಳೆದು ಮಾರುವ ಕ್ರಮವನ್ನು ಗೊತ್ತುಮಾಡಿತು. ೧೭೮೭ರ ಜುಲೈ ೧೩ರಂದು ವಾಯವ್ಯ ಪ್ರಾಂತದ ಶಾಸನದಿಂದ ಅಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತು. ಆದರೆ ಜೆನ್ಸನ್ನನ ತಿದ್ದುಪಡಿಯಿಂದ ಹಣಕಾಸಿನ ಆಕ್ಷೇಪಣೆ ಬಿದ್ದುಹೋಗುವುದಿಲ್ಲವೆಂದೇ ನಮ್ಮ ಅಭಿಪ್ರಾಯ.

ಡೇನಿಯಲ್ ಶೇಸ್‌ನ ದಂಗೆಯ ವಿಷಯದಲ್ಲಿ ನಮ್ಮ ಪಾಠಗಳು ಬಹಳ ಎಡವುತ್ತವೆ. ೧೭೮೬-೮೭ರಲ್ಲಿ ಮೆಸಾಚುಸೆಟ್ಸಿನ ರೈತರು ದಂಗೆಯೆದ್ದುದಕ್ಕೆ ಕಾಂಗ್ರೆಸ್ಸಿನ ದೌರ್ಬಲ್ಯ ಕಾರಣವೆನ್ನುವುದು ಸರಿಯಲ್ಲ. ತನ್ನ ಸಾಲಗಳನ್ನು ತೀರಿಸಲು ಬೆಳ್ಳಿ ಬಂಗಾರದ ನಾಣ್ಯದಲ್ಲೇ ಭಾರಿ ತೆರಿಗೆ ಕೇಳಿದುದು ಆ ಸಂಸ್ಥಾನದ ಶಾಸನಸಭೆ. ನಾಣ್ಯವಿಲ್ಲದ ರೈತನು ಹೊಲ ಕಳೆದುಕೊಂಡನು. ಇಲ್ಲಿ ಪೀಡಿಸಿದುದು ಬಲವಾದ ಸಂಸ್ಥಾನವೇ ಹೊರತು ದುರ್ಬಲ ಕೇಂದ್ರವಲ್ಲ. ಕೇಂದ್ರದ ನಿಸ್ಸಹಾಯಕತೆ ಬಯಲಾದುದು ದಂಗೆಯನ್ನು ಅಡಗಿಸುವ ಹೊತ್ತಿನಲ್ಲಿ: ಪಡೆ ಕಟ್ಟಲು ಕಾಂಗ್ರೆಸ್ಸು ಹಣ ಕೇಳಿದಾಗ ಕೊಟ್ಟದ್ದು ವರ್ಜೀನಿಯ ಮಾತ್ರ, ಕೊನೆಗೆ ಬಾಸ್ಟನ್ನಿನ ವರ್ತಕರು ಚಂದಾ ಎತ್ತಿ ಬೆಂಜಮಿನ್ ಲಿಂಕನ್ನನ ಸೇನೆಗೆ ವೆಚ್ಚ ಒದಗಿಸಿದರು. ದೌರ್ಬಲ್ಯದ ಅರಿವು ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬುದನ್ನು ಇದು ತಿಳಿಸುತ್ತದೆ. ಸಾಲಪತ್ರಗಳನ್ನು ಹಿಡಿದಿದ್ದವನಿಗೆ ಬಲವಾದ ಕೇಂದ್ರ ಬೇಕಾಗಿದ್ದಿತು. ಸಾಲದಲ್ಲಿ ಮುಳುಗಿದ ರೈತನಿಗೆ ಇನ್ನೊಬ್ಬ ತೆರಿಗೆದಾರನೇ ಬೇಡವಾಗಿದ್ದಿತು.

ಪಟ್ಟಿಯಲ್ಲಿ ಉಳಿದ ಸರ್ವಾನುಮತದ ನಿಯಮವು ಮೂಲದೋಷಕ್ಕೆ ಹಾಕಿದ ಬೀಗ. ಹದಿಮೂರನೆಯ ವಿಧಿಯಂತೆ ಎಲ್ಲ ಶಾಸನಸಭೆಗಳೂ ಒಪ್ಪದೆ ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲ. ೧೭೮೭ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದವರು ಈ ಬೀಗವನ್ನು ತೆಗೆಯಲಿಲ್ಲ, ಒಡೆದರು: ಒಂಬತ್ತು ಸಂಸ್ಥಾನಗಳ ಒಪ್ಪಿಗೆಯೇ ಸಾಕೆಂದು ಬರೆದರು, ಶಾಸನಸಭೆಗಳನ್ನು ಬಿಟ್ಟು ಜನರು ಆರಿಸಿದ ಸಮ್ಮೇಳನಗಳ ಮುಂದೆ ಸಂವಿಧಾನವನ್ನು ಇಟ್ಟರು. ರೋಡ್ ಐಲೆಂಡ್ ಆ ಸಭೆಗೆ ಪ್ರತಿನಿಧಿಯನ್ನೇ ಕಳುಹಿಸಲಿಲ್ಲ. ವಾಷಿಂಗ್ಟನ್ ಅಧ್ಯಕ್ಷನಾಗಿ ಒಂದು ವರ್ಷ ಕಳೆದ ಮೇಲೆ, ಅದರೊಡನೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಯನ್ನು ಹೊಸ ಸೆನೇಟು ಅಂಗೀಕರಿಸಿದಾಗ, ೧೭೯೦ರ ಮೇ ೨೯ರಂದು ೩೪ಕ್ಕೆ ೩೨ ಮತಗಳಿಂದ ಅದು ಒಳಗೆ ಬಂದಿತು.