ಹೊಕ್ಕುಳಬಳ್ಳಿಯ ರಕ್ತ: ಚರಿತ್ರೆಯಲ್ಲೊಂದು ಲೋಪ

ಹೊಕ್ಕುಳಬಳ್ಳಿಯ ರಕ್ತದ ಕಸಿಯ ಚರಿತ್ರೆಯನ್ನು 1988ರ ಅಕ್ಟೋಬರಿನ ಪ್ಯಾರಿಸ್ಸಿನಿಂದ ಆರಂಭಿಸುವುದು ವಾಡಿಕೆ. ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನೊಬ್ಬನಿಗೆ ಡಾ. ಎಲಿಯಾನ್ ಗ್ಲೂಕ್‌ಮನ್ ಅವರು ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಅದನ್ನು ನೆರವೇರಿಸಿದರು. ರಕ್ತವನ್ನು ಘನೀಕರಿಸಿ ಕಾಪಿಟ್ಟವರು ಇಂಡಿಯಾನಾದ ಬ್ರಾಕ್ಸ್‌ಮೈಯರ್. ಆದರೆ ಆ ರಕ್ತ ರೋಗಿಯದಲ್ಲ, ಅವನ ನವಜಾತ ತಂಗಿಯದೆಂಬ ಮುಖ್ಯಾಂಶವನ್ನು ಜನಪ್ರಿಯ ಕಥನಗಳು ಹಲವು ವೇಳೆ ತೇಲಿಸಿಬಿಡುತ್ತವೆ. ಈ ಲೋಪ ಅಲ್ಪವಾದುದಲ್ಲ. ಆನುವಂಶಿಕ ರೋಗದಲ್ಲಿ ಮಗುವಿನ ಸ್ವಂತ ರಕ್ತವೂ ಅದೇ ದೋಷವನ್ನು ಹೊತ್ತಿರುತ್ತದೆ. ಹೀಗಿರಲು, ಮಗುವಿನ ರಕ್ತವನ್ನು ಅದರ ಸ್ವಂತಕ್ಕೆಂದೇ ಕಾದಿಡುವ ಖಾಸಗಿ ವ್ಯಾಪಾರಕ್ಕೆ ಪ್ಯಾರಿಸ್ಸು ಸಾಕ್ಷಿಯಾಗುವುದೆಂತು? ಅದರ ನಿಜವಾದ ಉತ್ತರಾಧಿಕಾರಿ, ರೂಬಿನ್‌ಸ್ಟೈನ್ ಅವರು 1990ರ ದಶಕದ ಆದಿಯಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಸಾರ್ವಜನಿಕ ಭಂಡಾರ. ಭವಿಷ್ಯದ ತೊಡಕು ಬೇರೆಯದು: ಒಂದು ಬಳ್ಳಿಯಲ್ಲಿ ದೊರೆಯುವ ಕಾಂಡಕೋಶಗಳು ವಯಸ್ಕರಿಗೆ ಅನೇಕ ವೇಳೆ ಸಾಲವು. ಅವನ್ನು ಪ್ರಯೋಗಶಾಲೆಯಲ್ಲಿ ವೃದ್ಧಿಗೊಳಿಸಿದ ಔಷಧವೊಂದಕ್ಕೆ ಅಮೆರಿಕ 2023ರಲ್ಲಿ ಅನುಮತಿ ನೀಡಿತು. ಅಷ್ಟರೊಳಗೆ ಅರೆಹೊಂದಿಕೆಯ ಬಂಧುಗಳ ದಾನವು ಈ ಕ್ಷೇತ್ರದ ಬಹುಭಾಗವನ್ನು ಆಕ್ರಮಿಸಿಕೊಂಡಿತ್ತು.