ಶಾಮ ಹಾಡಿದ್ದು ಯಾವ ಕಾಡಿನಲ್ಲಿ?

ಕೋಗಿಲೆ ವಸಂತಕ್ಕೆ, ಚಕೋರ ವಿರಹಕ್ಕೆ, ಹಂಸ ಆತ್ಮಕ್ಕೆ ಎಂದು ಕವಿಗಳು ಹಕ್ಕಿಗಳಿಗೆ ಕೆಲಸ ಹಂಚಿಕೊಟ್ಟು ಎಷ್ಟೋ ಕಾಲವಾಯಿತು. ಫ್ರಾನ್ಸಿನ ಸಂಗೀತಕಾರ ಒಲಿವಿಯೆ ಮೆಸಿಯಾನ್ (1908–1992) ಈ ಸಂಕೇತಗಳ ಗೊಡವೆಗೆ ಅಷ್ಟಾಗಿ ಹೋಗಲಿಲ್ಲ. ಅವನಿಗೆ ಬೇಕಿದ್ದುದು ಹಾಡು. ನಸುಕಿನಲ್ಲಿ ಪೆನ್ಸಿಲು, ಸ್ವರಲಿಪಿಯ ಪುಸ್ತಕ ಹಿಡಿದು ಪೊದೆಗಳ ಬಳಿ ನಿಂತು, ಯಾವ ಹಕ್ಕಿ ಏನು ಹಾಡಿತೆಂದು ಬರೆದುಕೊಳ್ಳುತ್ತಿದ್ದ. ತಾನು ಪಕ್ಷಿಶಾಸ್ತ್ರಜ್ಞನೂ ಹೌದು ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚವಿರಲಿಲ್ಲ.

ಬರೆದುಕೊಂಡದ್ದನ್ನು ವಾದ್ಯಕ್ಕೆ ಇಳಿಸುವುದೇ ಕಷ್ಟ. ಹಕ್ಕಿಯ ವೇಗ ಬೆರಳಿಗೆ ಸಿಗುವುದಿಲ್ಲ, ಅದರ ಸ್ಥಾಯಿ ವಾದ್ಯಗಳನ್ನು ಮೀರಿ ಎತ್ತರದಲ್ಲಿರುತ್ತದೆ, ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಸಂದಿಯಲ್ಲೇ ಅದು ನಾಲ್ಕಾರು ಸ್ವರ ಹೊಕ್ಕು ಬರುತ್ತದೆ. ಮೆಸಿಯಾನ್ ವೇಗ ತಗ್ಗಿಸಿದ, ಸ್ಥಾಯಿ ಇಳಿಸಿದ, ಸ್ವರಗಳ ಅಂತರವನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿದ. ಹಕ್ಕಿಯ ಕಂಠದ ಬಣ್ಣ ಬರಲೆಂದು ಒಂದೊಂದು ಸ್ವರದ ಕೆಳಗೂ ಸ್ವರಗುಚ್ಛ ಇಟ್ಟ. ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಇಲ್ಲೊಂದು ಕೊರತೆ ತಟ್ಟನೆ ಕಾಣುತ್ತದೆ: ಹಕ್ಕಿ ಜಾರುವಲ್ಲಿ ಪಿಯಾನೊ ಮೆಟ್ಟಿಲು ಹತ್ತುತ್ತದೆ. ಮೂಲದ ಹಕ್ಕಿಯನ್ನು ಬಲ್ಲವರೂ ಎಷ್ಟೋ ಸಲ ಗುರುತು ಹಿಡಿಯಲಾರರು. ಇದನ್ನು ಸೋಲೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಅನುಕರಣೆಯೇ ಗುರಿಯಾಗಿದ್ದರೆ ಧ್ವನಿಮುದ್ರಣ ಯಂತ್ರ ಸಾಕಿತ್ತು. ನನ್ನ ತಕರಾರು ಬೇರೆ ಕಡೆಗಿದೆ.

1956ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಸಲಾದ ‘ವಿದೇಶಿ ಹಕ್ಕಿಗಳು’ ಎಂಬ ಕೃತಿಯನ್ನೇ ನೋಡಿ. ಪಿಯಾನೊ, ಊದುವ ವಾದ್ಯಗಳು, ತಾಳವಾದ್ಯಗಳು. ತಂತಿವಾದ್ಯ ಒಂದೂ ಇಲ್ಲ. ಭಾರತ, ಚೀನಾ, ಮಲಯ, ಅಮೆರಿಕ ಖಂಡಗಳ ಹಕ್ಕಿಗಳೆಲ್ಲ ಹದಿನೈದು ನಿಮಿಷದೊಳಗೆ ಒಟ್ಟಿಗೆ ಸೇರುತ್ತವೆ. ಬಾಗಿಲು ತೆರೆಯುವುದೇ ಭಾರತದ ಮೈನಾ. ನಮ್ಮ ಪಶ್ಚಿಮಘಟ್ಟದ ಬಿದಿರುಮೆಳೆಗಳಲ್ಲಿ ಹೊತ್ತು ಮುಳುಗುವಾಗ ಹಾಡುವ ಶಾಮ ಇಲ್ಲಿದೆ, ಹಿಮಾಲಯದ ಬಿಳಿಜುಟ್ಟಿನ ನಗೆಮಲ್ಲವಿದೆ, ಅಮೆರಿಕದ ಹುಲ್ಲುಗಾವಲಿನ ಕೋಳಿಯೂ ಇದೆ. ಸದ್ದು ಬೆರಗು ಹುಟ್ಟಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹಕ್ಕಿಗಳನ್ನು ಮೆಸಿಯಾನ್ ಅವುಗಳ ಕಾಡಿನಲ್ಲಿ ಕೇಳಿದವನಲ್ಲ. ಅಮೆರಿಕದವು ಗ್ರಾಮಫೋನ್ ತಟ್ಟೆಗಳಿಂದ ಬಂದವು, ಏಷ್ಯಾದವು ಪಂಜರಗಳಿಂದ. ಹೊತ್ತು, ಋತು, ಮರ, ಪಕ್ಕದ ಕೊಂಬೆಯ ಎದುರಾಳಿ ಯಾವುದೂ ಇಲ್ಲದೆ ಹಾಡಷ್ಟೇ ಉಳಿದಿದೆ. ಎಲ್ಲ ಹಕ್ಕಿಗಳೂ ಒಂದೇ ಹುರುಪಿನಲ್ಲಿ ಕೂಗುತ್ತವೆ, ಎಲ್ಲವೂ ಮುಖ್ಯ ಗಾಯಕರೇ. ಶಾಮನ ಸರದಿ ಬಂದಾಗ ಸಂಜೆಯಾಗುವುದಿಲ್ಲ.

ಇದೇ ಕೃತಿಯಲ್ಲಿ ನಮ್ಮ ಕಡೆಯ ಇನ್ನೊಂದು ಸರಕೂ ಇದೆ. ತಾಳವಾದ್ಯಗಳು ನುಡಿಸುವ ಲಯಗಳಲ್ಲಿ ಹಲವು ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶೀ ತಾಳಗಳ ಪಟ್ಟಿಯಿಂದ ಆರಿಸಿದವು. ಪಟ್ಟಿ ಮೆಸಿಯಾನನಿಗೆ ಸಿಕ್ಕಿದ್ದು ಫ್ರೆಂಚ್ ವಿಶ್ವಕೋಶವೊಂದರಲ್ಲಿ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸು ಸಿಂಘಣನ ಆಶ್ರಯದಲ್ಲಿ ಹುಟ್ಟಿದ ಗ್ರಂಥ ಅದು. ಮುಂದೆ ವಿಜಯನಗರದಲ್ಲಿ ಕಲ್ಲಿನಾಥ ಅದಕ್ಕೆ ವ್ಯಾಖ್ಯಾನ ಬರೆದ. ತಮಾಷೆಯೆಂದರೆ, ಷಡ್ಜ ನವಿಲಿನದು, ಋಷಭ ಚಾತಕದ್ದು, ಮಧ್ಯಮ ಕ್ರೌಂಚದ್ದು, ಪಂಚಮ ಕೋಗಿಲೆಯದು ಎಂದು ಹಕ್ಕಿಗೊಂದು ಸ್ವರ ಕೊಟ್ಟು ಕೈತೊಳೆದುಕೊಂಡದ್ದೂ ಅದೇ ಗ್ರಂಥ. ಹಕ್ಕಿಯ ವಿಷಯದಲ್ಲಿ ಅಷ್ಟು ಜಿಪುಣವಾದ ಪುಸ್ತಕದಿಂದ ತಾಳ ತೆಗೆದುಕೊಂಡು ಹಕ್ಕಿಗೆ ಸಾವಿರ ಸ್ವರ ಸುರಿದವನು ಮೆಸಿಯಾನ್. ಆದರೂ ಕಾಡಿನಿಂದ ಕಿತ್ತ ಶಾಮ, ಕಛೇರಿಯಿಂದ ಕಿತ್ತ ತಾಳ ಎರಡರ ಪಾಡೂ ಇಲ್ಲಿ ಒಂದೇ. ಕುಲಗೋತ್ರ ಬರಹದಲ್ಲಿದೆ, ಬಾಳಿದ ಜಾಗವಿಲ್ಲ.

ಅದೇ 1956ರಲ್ಲಿ ಆರಂಭಿಸಿ 1958ರಲ್ಲಿ ಮುಗಿಸಿದ ‘ಹಕ್ಕಿಗಳ ಪಟ್ಟಿ’ಯಲ್ಲಿ ಈ ದೋಷ ಪೂರ್ತಿ ನೀಗಿದೆ. ಒಂಟಿ ಪಿಯಾನೊಗೆ ಬರೆದ 13 ಭಾಗಗಳು, ಒಟ್ಟು ಎರಡೂವರೆ ಗಂಟೆಗೂ ಹೆಚ್ಚು. ಒಂದೊಂದಕ್ಕೂ ಫ್ರಾನ್ಸಿನ ಒಂದೊಂದು ಹಕ್ಕಿಯ ಹೆಸರು. ಆದರೆ ಆ ಹಕ್ಕಿಯ ಸುತ್ತ ಅದರ ಬಂಡೆ, ನೀರು, ನೆರೆಯ ಹಕ್ಕಿಗಳು, ಹೊತ್ತು ಎಲ್ಲವೂ ಸ್ವರಕ್ಕೆ ಬಂದಿವೆ. ನಟ್ಟನಡುವಿನ ಏಳನೆಯ ಭಾಗ ಅರ್ಧ ಗಂಟೆಯದು. ಜೊಂಡಿನ ಪುಟ್ಟ ಹಕ್ಕಿಯೊಂದರ ಸುತ್ತ ಸೊಲೊಞ್ ಪ್ರದೇಶದ ಕೆರೆಗಳಲ್ಲಿ ನಡುರಾತ್ರಿಯಿಂದ ಮರುದಿನ ರಾತ್ರಿ ಮೂರರವರೆಗೆ ನಡೆಯುವುದೆಲ್ಲ ಅದರಲ್ಲಿದೆ: ಕಪ್ಪೆ, ಸೂರ್ಯೋದಯ, ಕತ್ತಲು. ಹಕ್ಕಿ ಸುಮ್ಮನಿರುವ ಹೊತ್ತಿಗೂ ಇಲ್ಲಿ ಬೆಲೆಯಿದೆ. ‘ವಿದೇಶಿ ಹಕ್ಕಿಗಳು’ ಕೃತಿಯಲ್ಲಿ ಮೌನ ಬಂದರೆ ಅದು ಮುಂದಿನ ಕೂಗಿಗೆ ತಯಾರಿ. ಇಲ್ಲಿ ಮೌನವೂ ಕೆರೆಯದೇ. ಬೇಸರವೂ ಆಗುತ್ತದೆ, ಸುಳ್ಳು ಹೇಳುವುದೇಕೆ? ಬಂಡೆಗಳ ಜಾಗದಲ್ಲಿ ಭಾರವಾದ ಸ್ವರಗುಚ್ಛಗಳು ಮತ್ತೆ ಮತ್ತೆ ಬಿದ್ದು ತಲೆ ಚಿಟ್ಟೆನ್ನುವುದೂ ಉಂಟು. ಕೆರೆಯ ದಂಡೆಯಲ್ಲಿ ಕಾಯುತ್ತ ಕೂತವನಿಗೆ ಆ ಬೇಸರ ಹೊಸದಲ್ಲ.

2016ರಲ್ಲಿ ಇಂಗ್ಲೆಂಡಿನ ಆಲ್ಡ್‌ಬರೊ ಉತ್ಸವದಲ್ಲಿ ಪಿಯರ್-ಲೋರಾನ್ ಎಮಾರ್ ಈ ಭಾಗಗಳನ್ನು ಮುಂಜಾವದಿಂದ ರಾತ್ರಿಯವರೆಗೆ ಆಯಾ ಹೊತ್ತಿಗೆ ಹೊಂದಿಸಿ ಒಂದೇ ದಿನ ನುಡಿಸಿದರು. ಹೊತ್ತಿಗೊಂದು ರಾಗವೆಂಬ ಕ್ರಮ ಬಲ್ಲ ಹಿಂದೂಸ್ತಾನಿ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕಾರ್ಯಕ್ರಮ ಹೆಣೆಯುವವರಿಗೆ ಒಂದಿಡೀ ದಿನ ಎಲ್ಲಿಂದ ಬರಬೇಕು? ಹದಿನೈದು ನಿಮಿಷದಲ್ಲಿ ಮುಗಿಯುವ ‘ವಿದೇಶಿ ಹಕ್ಕಿಗಳು’ ಯಾವ ಕಛೇರಿಯಲ್ಲಾದರೂ ಸಲೀಸಾಗಿ ಹಿಡಿಸುತ್ತದೆ.