ಕಾಡುಗೊಲ್ಲರ ‘ಕಾಡು’ ಯಾವುದು? ಸಸ್ಯ ಪರಿಸರ ಸಂಶೋಧನೆ ಮತ್ತು ಮೌಖಿಕ ಸಾಕ್ಷ್ಯ

ಜನಪದ ಸಾಹಿತ್ಯವನ್ನು ಸಸ್ಯವಿಜ್ಞಾನವು ಸಾಕ್ಷ್ಯವಾಗಿ ಸ್ವೀಕರಿಸತೊಡಗಿರುವುದು ಈಚಿನ ಗಮನಾರ್ಹ ಬೆಳವಣಿಗೆ. ಆಶಿಶ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನ. ಹದಿಮೂರನೆಯ ಶತಮಾನದಿಂದೀಚಿನ ಮರಾಠಿ ಕಾವ್ಯ, ಐತಿಹ್ಯ, ಹಾಡುಗಳಲ್ಲಿ ಉಲ್ಲೇಖಗೊಂಡ 44 ಕಾಡುಸಸ್ಯಗಳನ್ನು ಗುರುತಿಸಿ, ಅವುಗಳಲ್ಲಿ ಹೆಚ್ಚಿನವು ಸವನ್ನಾ, ಅಂದರೆ ವಿರಳ ಮರಗಳ ಹುಲ್ಲುಬಯಲಿನವು ಎಂದು ಅವರು ತೋರಿಸಿದ್ದಾರೆ. ಪಶ್ಚಿಮ ಮಹಾರಾಷ್ಟ್ರದ ಆ ಬಯಲು ಮರ ಕಡಿದು ಹಾಳಾದ ಅರಣ್ಯವಲ್ಲ ಎಂಬುದು ಅವರ ಪ್ರಮೇಯ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು 2016ರಲ್ಲಿಯೇ ಏಷ್ಯಾದ ಸವನ್ನಾಗಳು ಮನುಷ್ಯನ ಕೊಡಲಿಗಿಂತ ಬಹು ಪ್ರಾಚೀನವೆಂದು ವಾದಿಸಿದ್ದರು.

ಪ್ರಮೇಯ ಸ್ವಾಗತಾರ್ಹ. ವಿಧಾನವನ್ನು ಮಾತ್ರ ಹಾಗೆಯೇ ಎತ್ತಿತಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಅನ್ವಯಿಸಲಾಗದು. ಇಲ್ಲಿನ ಮುಖ್ಯ ಸಾಮಗ್ರಿ ಲಿಖಿತವಲ್ಲ. ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯದಂಥ ಮೌಖಿಕ ಪಠ್ಯ. ಹಾಡಿನಲ್ಲಿ ಗಿಡವೊಂದು ಪ್ರಾಸಕ್ಕಾಗಿ ಬರಬಹುದು, ಮಡಿಗಾಗಿ ಬರಬಹುದು. ಜುಂಜಪ್ಪನ ಪದಗಳೊಡನೆ ನುಡಿಸುವ ಉದ್ದನೆಯ ಗಣೆ ಬಿದಿರಿನದು; ಅಷ್ಟರಿಂದಲೇ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯ ಸುತ್ತ ಬಿದಿರುಮೆಳೆಗಳಿದ್ದವೆನ್ನಲು ಬರುವುದಿಲ್ಲ.

ಇದಕ್ಕಿಂತ ತೊಡಕಿನದು ‘ಕಾಡು’ ಎಂಬ ಶಬ್ದವೇ. ಕಾಡುಗೊಲ್ಲ ಎಂಬಲ್ಲಿ ಕಾಡು ದಟ್ಟಾರಣ್ಯವಲ್ಲ. ಅದು ಊರುಗೊಲ್ಲ ಎಂಬುದಕ್ಕೆ ಎದುರಾದ ಪದ. ಊರ ಹೊರಗಿನ ಹಟ್ಟಿ, ಮೇವಿನ ನೆಲ, ಕುರುಚಲು ಎಲ್ಲವೂ ಅದರೊಳಗೆ ಬರುತ್ತವೆ. ಈ ಸೀಮೆಯಲ್ಲಿ ಕಾಡು ಊರಿಗೆ ವಿರುದ್ಧ, ಬಯಲಿಗಲ್ಲ. ಇದನ್ನರಿಯದ ಸಂಶೋಧಕ ಕಾವ್ಯದಲ್ಲಿ ಕಾಡು ಕಂಡಲ್ಲೆಲ್ಲ ಅರಣ್ಯವೆಂದು ಗುರುತು ಹಾಕಿದರೆ, ಮರಾಠಿ ಅಧ್ಯಯನ ಅಲ್ಲಗಳೆದ ನಂಬಿಕೆಯೇ ಕನ್ನಡದಲ್ಲಿ ಸಾಬೀತಾದೀತು! ಕೊರಟಗೆರೆಯ ಸಿದ್ಧರಬೆಟ್ಟದ ಪ್ರಸಂಗ ಬೇರೆ. ಅಲ್ಲಿನ ಸಂಜೀವಿನಿಯ ನಂಬಿಕೆ ಹಸಿರನ್ನು ಬೆಟ್ಟದ ಮೇಲೆಯೇ ನಿಲ್ಲಿಸುತ್ತದೆ, ಬಯಲಿಗೆ ಇಳಿಸುವುದಿಲ್ಲ.

ಹಾಡಿಗಿಂತ ಆಚರಣೆ ಗಟ್ಟಿಯಾದ ಸಾಕ್ಷ್ಯವೆಂದು ನನ್ನ ಅಭಿಪ್ರಾಯ. ನೆರೆಯ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ಕ್ಯಾತಪ್ಪನ ಜಾತ್ರೆಗೆ ಕಾಡುಗೊಲ್ಲರು ಕಟ್ಟುವ ಗುಡಿಗೆ ಬಾರೆಮುಳ್ಳಿನ ಹೊದಿಕೆ; ಬರಿಗಾಲಲ್ಲಿ ಅದನ್ನೇರಿ ಕಳಶ ಕೀಳುತ್ತಾರೆ. ಹಟ್ಟಿಗೂ ಮುಳ್ಳಿನದೇ ಬೇಲಿ. ರಾಶಿರಾಶಿ ಮುಳ್ಳು ಬೇಡುವ ದೈವ ಮುಳ್ಳು ಧಾರಾಳವಾಗಿದ್ದ ನೆಲದಲ್ಲೇ ನೆಲೆಗೊಂಡಿರಬೇಕು. ತೀ.ನಂ. ಶಂಕರನಾರಾಯಣರಂಥವರು ಕಾಡುಗೊಲ್ಲರ ಸಂಪ್ರದಾಯಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಅವನ್ನು ಸಸ್ಯದೃಷ್ಟಿಯಿಂದ ಮತ್ತೆ ಓದಬೇಕಾಗಿದೆ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಮಧುಗಿರಿಯ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ಹೆಸರಿನಲ್ಲಿ ಸಂರಕ್ಷಿತವಾಯಿತು. ಶಿರಾದ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರದ ಹೆಸರಿನಲ್ಲಿ. ಮೃಗವಿಲ್ಲದ ಬಯಲಿಗೆ ಕಾಗದಪತ್ರಗಳಲ್ಲಿ ‘ಬಂಜರು’ ಎಂಬುದೊಂದೇ ಹೆಸರು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೌರ ಪಾರ್ಕಿಗೆ ಗುತ್ತಿಗೆ ಹೋಯಿತು. ಭೂಮಿಯಿದ್ದ ರೈತನಿಗೆ ಗುತ್ತಿಗೆ ಹಣ ಬಂತು; ಅದರ ಬದು, ಬೀಳುಗಳಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ತೋರಿಸಲು ಪತ್ರವೇ ಇರಲಿಲ್ಲ.

ಇಂಥಲ್ಲಿ ಸಾಕ್ಷಿ ನುಡಿಯಬೇಕಾದ ನಮ್ಮ ಸಂಪಾದಿತ ಕಾವ್ಯಗಳ ಪದಕೋಶಗಳೋ, ಬಾರೆ, ಕಾರೆ, ಬಂದರೆ, ತಂಗಡಿ ಎಲ್ಲಕ್ಕೂ ‘ಒಂದು ಜಾತಿಯ ಗಿಡ’ ಎಂದು ಅರ್ಥ ಬರೆದು ಮುಗಿಸುತ್ತವೆ. ಮುಂದಿನ ಕ್ಷೇತ್ರಕಾರ್ಯದಲ್ಲಿ ಗಣೆಗಾರನ ಧ್ವನಿಯ ಜೊತೆಗೆ ಅವನು ಹೆಸರಿಸಿದ ಗಿಡದ ಒಂದು ರೆಂಬೆಯನ್ನೂ ಒಣಗಿಸಿ, ಸ್ಥಳ ನಮೂದಿಸಿ ತರುವುದು ಅಗತ್ಯ.